ಈಜುಕೊಳದ ಸುತ್ತಲಿನ ಗಿಡ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ತೋಟದ ಮನೆ. 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳ. ಅದರ ಒಂದು ಬದಿಗೆ ಸಾಲಾಗಿ ಕೇಪಳ ನೆಟ್ಟಿದ್ದರು. ನರ್ಸರಿಯವರು ಇಕ್ಸೋರಾ ಅಂತಾರಲ್ಲ, ಅದೇ. ಆರು ತಿಂಗಳಲ್ಲಿ ಎಲೆ ಹಳದಿ ತಿರುಗಿತು. ಕಿತ್ತು ಹೊಸದು ನೆಟ್ಟರು. ಅದೂ ಹಾಗೇ ಆಯಿತು. ನನ್ನನ್ನು ಕರೆದಾಗ ಮನೆಯವರು ಹೇಳಿದ್ದು ಒಂದೇ ಮಾತು: "ಕ್ಲೋರಿನ್ ನೀರು ಸಿಡಿದು ಗಿಡ ಸಾಯ್ತಿದೆ. ಕ್ಲೋರಿನ್ ತಡೆಯೋ ಗಿಡ ಯಾವುದಿದೆ ಹೇಳಿ."

ಕೈಗುದ್ದಲಿ ತಗೊಂಡು ಗಿಡದ ಬುಡ ಕೆದಕಿದೆ. ನಾಲ್ಕು ಬೆರಳು ಕೆಳಗೆ ಹೋಗುವಷ್ಟರಲ್ಲಿ ಟಣ್ ಅಂತು. ಸಿಮೆಂಟ್ ಗಾರೆಯ ಚೂರು, ಟೈಲ್ಸ್ ತುಂಡು, ಮರಳು. ಕೊಳ ಕಟ್ಟಿದವರು ಉಳಿದದ್ದನ್ನೆಲ್ಲ ಅಲ್ಲೇ ಸುರಿದು, ಮೇಲೆ ತೆಳ್ಳಗೆ ಕೆಂಪು ಮಣ್ಣು ಹರಡಿದ್ದರು. ಒಂದು ಹಿಡಿ ಮಣ್ಣು ತೆಗೆದು ನಾಲ್ಕು ಚಮಚ ವಿನೆಗರ್ ಹಾಕಿದೆ. ಸೋಡಾ ಬಾಟಲಿ ತೆಗೆದ ಹಾಗೆ ನೊರೆ ಬಂತು. ಸುಣ್ಣದ ಅಂಶ ಜಾಸ್ತಿ ಇದ್ದರೆ ಮಣ್ಣು ಹೀಗೆ ನೊರೆಯುತ್ತದೆ. ಕೇಪಳಕ್ಕೆ ಬೇಕಾದದ್ದು ಹುಳಿ ಮಣ್ಣು. ಮಂಗಳೂರು ಕಡೆಯ ಮುರಕಲ್ಲಿನ ಗುಡ್ಡದಲ್ಲಿ ಯಾರೂ ನೀರು ಹಾಕದಿದ್ದರೂ ಅದು ಕೆಂಪಗೆ ಹೂ ಬಿಟ್ಟು ನಿಲ್ಲುತ್ತದೆ. ಅದೇ ಗಿಡವನ್ನು ಇಲ್ಲಿ ಸುಣ್ಣದ ಹಾಸಿಗೆ ಮೇಲೆ ಕೂರಿಸಿದ್ದರು. ಕ್ಲೋರಿನ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈಜುಕೊಳದ ಸುತ್ತ ಗಿಡ ಆರಿಸುವುದು ಅಂದರೆ ಪಟ್ಟಿ ಹಿಡಿದು ನರ್ಸರಿಗೆ ಹೋಗುವ ಕೆಲಸ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಗಿಡ ಸತ್ತರೆ ಇನ್ನೊಂದು ಪಟ್ಟಿ. ದಯವಿಟ್ಟು ಹಾಗೆ ಮಾಡಬೇಡಿ. ಗಿಡದ ಹೆಸರಿಗಿಂತ ಮೊದಲು ಆ ಜಾಗದಲ್ಲಿ ನೀರು ಎತ್ತ ಹರಿಯುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ, ಮಣ್ಣಿನ ಕೆಳಗೆ ಏನಿದೆ ಅನ್ನುವುದು ಗೊತ್ತಾಗಬೇಕು. ಅದು ಗೊತ್ತಾದರೆ ಎಷ್ಟೋ ಸಲ ಗಿಡ ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಒಂದು ಸುತ್ತು ಹಾಕಿ

ಬೇಕಾದ ಸಾಮಾನು ಕಡಿಮೆ. ಒಂದು ಕೈಗುದ್ದಲಿ, ಒಂದು ಬಕೆಟ್, ಕೊಳದ ನೀರು ನೋಡುವ ಟೆಸ್ಟ್ ಕಿಟ್, ಸ್ವಲ್ಪ ವಿನೆಗರ್, ಮೆಡಿಕಲ್ ಅಂಗಡಿಯಲ್ಲಿ ಸಿಗುವ ವಿಟಮಿನ್ ಸಿ ಮಾತ್ರೆ ಎರಡು. ವಿನೆಗರ್ ಮತ್ತು ಕ್ಲೋರಿನ್ ಪುಡಿ ಒಂದೇ ಮಗ್ಗಿಗೆ, ಒಂದೇ ಬಕೆಟ್‌ಗೆ ಯಾವತ್ತೂ ಬೀಳಬಾರದು. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಇದನ್ನು ಮನೆಯ ಕೆಲಸದವರಿಗೂ ಹೇಳಿಡಿ.

ಬೆಳಗ್ಗೆ ಏಳರ ಹೊತ್ತಿಗೆ, ಯಾರೂ ಕಸ ತೆಗೆಯುವ ಮೊದಲು ಕೊಳದ ಸುತ್ತ ಬನ್ನಿ. ರಾತ್ರಿ ಬಿದ್ದ ಎಲೆ ಯಾವ ಮೂಲೆಗೆ ಸೇರಿದೆ ನೋಡಿ. ಪಾತಿಯ ಮಣ್ಣು ಕೊಳದ ಅಂಚುಗಲ್ಲಿಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ಫಿಲ್ಟರ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಪೈಪು ಹಿಡಿದು ಕೊನೆಯವರೆಗೂ ನಡೆಯಿರಿ. ಕಳೆದ ಹದಿನೈದು ದಿನದಲ್ಲಿ ಏನೇನು ಮಾಡಿದಿರಿ ಅಂತ ಮಾಲಿಯನ್ನು ಕೇಳಿ. ಗೊಬ್ಬರ ಹಾಕಿದ್ದು, ಔಷಧಿ ಹೊಡೆದದ್ದು, ಕ್ಲೋರಿನ್ ಜಾಸ್ತಿ ಸುರಿದದ್ದು, ಯಾವುದೂ ಚಿಕ್ಕ ವಿಷಯವಲ್ಲ. ಗದರಿಸಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಜೊತೆಗೆ ಕೂತು ಕಾಫಿ ಕುಡಿಯುತ್ತಾ ಕೇಳಿ, ಎಲ್ಲ ಹೇಳುತ್ತಾರೆ.

ಎಲೆ ಕೆಟ್ಟಿದೆ: ಯಾವ ಎಲೆ, ಯಾವ ಜಾಗದಲ್ಲಿ?

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ತಪ್ಪು ತಿಳಿಯುವುದೂ ಇಲ್ಲೇ ಜಾಸ್ತಿ. "ಎಲೆ ಹಳದಿ" ಅಂದರೆ ಸಾಲದು. ತುದಿಯ ಚಿಗುರೋ, ಬುಡದ ಹಳೆ ಎಲೆಯೋ? ಇಡೀ ಎಲೆಯೋ, ಅಂಚೋ, ನಡುವೆಯೋ? ಒಂದು ಕೆಟ್ಟ ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ.

ಹೊಸ ಎಲೆ ಹಳದಿ, ಆದರೆ ನರಗಳು ಹಸಿರಾಗೇ ಇದ್ದು ಬಲೆಯ ಹಾಗೆ ಕಂಡರೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದಿಂದ ಪಿಎಚ್ (ಹುಳಿ, ಕ್ಷಾರ ಅಳೆಯುವ ಅಂಕೆ) ಏರಿದಾಗ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ನಮ್ಮ ಕೇಪಳಕ್ಕೆ ಆಗಿದ್ದು ಇದೇ. ವಿನೆಗರ್ ಹಾಕಿ ನೊರೆ ಬಂದರೆ ರೋಗ ಖಚಿತ. ಬೋರ್‌ವೆಲ್‌ನ ಗಡುಸು ನೀರು ವರ್ಷಗಟ್ಟಲೆ ಹಾಕಿದರೂ ನಿಧಾನವಾಗಿ ಇದೇ ಸ್ಥಿತಿ ಬರುತ್ತದೆ. ಅಲ್ಲಿ ಎಲೆಯ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ.

ಇದಕ್ಕೆ ಮದ್ದು ಎರಡು ಹಂತ. ತಕ್ಷಣಕ್ಕೆ ಚಿಲೇಟೆಡ್ ಕಬ್ಬಿಣ, ಅಂದರೆ ಬೇರು ಹೀರಬಲ್ಲ ರೂಪದ ಕಬ್ಬಿಣ ಕೊಡಿ. ಅಂಗಡಿಯಲ್ಲಿ ಇಡಿಟಿಎ, ಇಡಿಡಿಎಚ್‌ಎ ಅಂತ ಎರಡು ಬಗೆ ಸಿಗುತ್ತದೆ. ಸುಣ್ಣದ ಮಣ್ಣಿಗೆ ಹಾಕುವುದಾದರೆ ಇಡಿಡಿಎಚ್‌ಎ ಕೇಳಿ ತಗೊಳ್ಳಿ. ಬೆಲೆ ಜಾಸ್ತಿ, ಆದರೆ ಇಡಿಟಿಎ ಅಂಥ ಮಣ್ಣಿನಲ್ಲಿ ಬೇಗ ಕೆಲಸ ನಿಲ್ಲಿಸುತ್ತದೆ. ಕಬ್ಬಿಣದ ಯಾವ ದ್ರಾವಣವೂ ಅಂಚುಗಲ್ಲಿನ ಮೇಲೆ ಚೆಲ್ಲಬಾರದು. ತುಕ್ಕಿನ ಕಲೆ ಕೂತರೆ ತೆಗೆಯುವುದು ಕಷ್ಟ. ಶಾಶ್ವತ ಪರಿಹಾರ ಬೇಕಾದರೆ ಅಗೆಯಲೇಬೇಕು. ಆ ಮನೆಯಲ್ಲಿ ನಾವು ಎರಡಡಿ ಆಳ, ಎರಡಡಿ ಅಗಲ ಕಾಲುವೆ ತೆಗೆದೆವು. ಗಾರೆ ಚೂರು ಎಲ್ಲ ಹೊರಗೆ ಹಾಕಿ, ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದೆವು. ಕಿತ್ತಿದ್ದ ಹಳೆಯ ಗಿಡಗಳನ್ನೇ ಮತ್ತೆ ನೆಟ್ಟೆವು. ಮೂರನೇ ಬಾರಿಗೆ ಹೊಸ ಗಿಡ ಕೊಳ್ಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಚಿಗುರು ಹಸಿರಾಗಿ ಬಂತು. ಹಳೆಯ ಹಳದಿ ಎಲೆ ಹಾಗೇ ಉಳಿಯಿತು, ಅವು ತಾವಾಗಿ ಉದುರುವವರೆಗೂ ಕಾಯಬೇಕು. ಹಾಗಾಗಿ ಮದ್ದು ಕೆಲಸ ಮಾಡಿದೆಯಾ ಅಂತ ನೋಡುವಾಗ ಚಿಗುರನ್ನು ನೋಡಿ.

ಬುಡದ ಹಳೆ ಎಲೆ ಮೊದಲು ಹಳದಿಯಾಗುತ್ತಿದ್ದರೆ ಬೆರಳನ್ನು ಮಣ್ಣಿಗೆ ಚುಚ್ಚಿ. ಎರಡು ಇಂಚು ಕೆಳಗೆ ಕೆಸರು, ಜೊತೆಗೆ ಮುಗ್ಗಲು ವಾಸನೆ ಬಂದರೆ ನೀರು ನಿಂತಿದೆ. ಕೊಳದ ಪಕ್ಕದ ಪಾತಿಗಳಲ್ಲಿ ಇದು ಸಾಮಾನ್ಯ. ಒಂದು ಕಡೆ ಕೊಳದ ಗೋಡೆ, ಇನ್ನೊಂದು ಕಡೆ ನಡೆದಾಡುವ ಕಲ್ಲಿನ ತಳಪಾಯ, ಕೆಳಗೆ ಗಟ್ಟಿಯಾಗಿ ಬಡಿದ ಮಣ್ಣು. ಪಾತಿ ಅನ್ನುವುದು ತೂತಿಲ್ಲದ ತೊಟ್ಟಿ ಆಗಿರುತ್ತದೆ. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿಸಿ. ಅರ್ಧ ದಿನ ಕಳೆದರೂ ಎರಡನೇ ಸಲದ ನೀರು ಹಾಗೇ ನಿಂತಿದ್ದರೆ ಅಲ್ಲಿ ಜಲ್ಲಿ ಹಾಕಿ ತೂತಿನ ಪೈಪು ಇಡದೆ ಯಾವ ಗಿಡ ಹಾಕಿದರೂ ಬೇರು ಕೊಳೆಯುತ್ತದೆ. ಮಣ್ಣು ಒಣಗಿದ್ದೂ ಹಳೆ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು, ಗೊಬ್ಬರ ಕೊಟ್ಟರೆ ಆಯಿತು.

ಎಲೆಯ ತುದಿ, ಅಂಚು ಕಂದು ಬಣ್ಣಕ್ಕೆ ಸುಟ್ಟ ಹಾಗಿದ್ದರೆ ಉಪ್ಪನ್ನು ಅನುಮಾನಿಸಿ. ಇತ್ತೀಚೆಗೆ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಇರುವ ಕೊಳಗಳು ಹೆಚ್ಚಾಗಿವೆ. ಆ ನೀರಿನಲ್ಲಿ ಉಪ್ಪು ಸಾಮಾನ್ಯವಾಗಿ 3,000ದಿಂದ 4,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ). ಸಮುದ್ರದಲ್ಲಿ 35,000 ಪಿಪಿಎಂ ಇರುತ್ತದೆ, ಅದಕ್ಕೆ ಹೋಲಿಸಿದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಮಕ್ಕಳು ಹಾರುವ ಜಾಗದಲ್ಲಿ ನೀರು ದಿನಾ ಸಿಡಿದು, ದಿನಾ ಒಣಗಿ, ಉಪ್ಪು ಅಲ್ಲೇ ಉಳಿಯುತ್ತದೆ. ಗುರುತು ಸುಲಭ. ಮೆಟ್ಟಿಲು, ಏಣಿ ಇರುವ ಕಡೆಯ ಗಿಡ ಮಾತ್ರ ಸುಟ್ಟಿರುತ್ತದೆ, ನಾಲ್ಕು ಅಡಿ ಆಚೆಯದು ಚೆನ್ನಾಗಿರುತ್ತದೆ. ವಾರಕ್ಕೊಮ್ಮೆ ಸಿಹಿನೀರು ಧಾರಾಳವಾಗಿ ಬಿಟ್ಟು ಮಣ್ಣು ತೊಳೆಯಿರಿ. ನೀರು ಇಂಗುವ ಮಣ್ಣಿದ್ದರೆ ಮಾತ್ರ ಇದು ಫಲ ಕೊಡುತ್ತದೆ.

ಸಾಮಾನ್ಯ ಕೊಳದ ಕ್ಲೋರಿನ್ ಬಗ್ಗೆ ಇಷ್ಟು ಹೆದರುವುದು ಬೇಡ. 1ರಿಂದ 3 ಪಿಪಿಎಂ ಇರುವ ನೀರು ಆಗೊಮ್ಮೆ ಈಗೊಮ್ಮೆ ಸಿಡಿದರೆ ಗಿಡಕ್ಕೆ ಏನೂ ಆಗುವುದಿಲ್ಲ. ನಲ್ಲಿ ನೀರಿನಲ್ಲೂ ಸ್ವಲ್ಪ ಕ್ಲೋರಿನ್ ಇದ್ದೇ ಇರುತ್ತದೆ. ಗಿಡ ಸಾಯುವುದು ಬೇರೆ ಎರಡು ಕಾರಣಕ್ಕೆ. ಒಂದು, ಕ್ಲೋರಿನ್ ಪುಡಿಯ ಡಬ್ಬ ಪಾತಿಯ ಪಕ್ಕ ತೆರೆದು ಅಳೆಯುವಾಗ ಚೆಲ್ಲುವುದು. ಎರಡು, ಫಿಲ್ಟರ್ ಬ್ಯಾಕ್‌ವಾಶ್ ನೀರನ್ನು, ಅಂದರೆ ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆದ ನೀರನ್ನು, ತೋಟಕ್ಕೇ ಬಿಡುವುದು. ಮೂರು ನಿಮಿಷದ ಬ್ಯಾಕ್‌ವಾಶ್ ಅಂದರೆ ಸುಮಾರು 500 ಲೀಟರ್ ಒಂದೇ ಜಾಗಕ್ಕೆ ನುಗ್ಗುತ್ತದೆ. ಕೊಳಕ್ಕೆ ಜಾಸ್ತಿ ಕ್ಲೋರಿನ್ ಹಾಕಿದ ಮರುದಿನ ಹೀಗೆ ಬಿಟ್ಟರಂತೂ ಗಿಡ ಸೋಲುತ್ತದೆ. ಆ ಪೈಪನ್ನು ಇಂಗುಗುಂಡಿಗೆ ತಿರುಗಿಸಿ.

ಎಲೆಯ ನಡುವೆ, ಬಿಸಿಲು ಬೀಳುವ ಮೈಯಲ್ಲಿ ಮಾತ್ರ ಬಿಳಿಚಿದ, ಕಾಗದದಂಥ ಮಚ್ಚೆ ಕಂಡರೆ ಅದು ಬಿಸಿಲಿನ ಸುಡು. ನೀರಿನ ಮೇಲಿಂದ, ತಿಳಿ ಬಣ್ಣದ ಕಲ್ಲಿನ ಮೇಲಿಂದ ಬೆಳಕು ಮತ್ತೆ ಎಲೆಗೆ ಹೊಡೆಯುತ್ತದೆ. ಜರೀಗಿಡ, ಕೆಲಥಿಯಾ, ಪೀಸ್ ಲಿಲ್ಲಿ ಇಂಥವು ವರಾಂಡದಲ್ಲಿ ಚೆನ್ನಾಗಿದ್ದು ಕೊಳದ ಪಕ್ಕಕ್ಕೆ ಬಂದ ವಾರದಲ್ಲೇ ಹೀಗಾಗುತ್ತವೆ. ಮದ್ದಿಲ್ಲ, ಜಾಗ ಬದಲಿಸಿ.

ತಾಳೆ ಜಾತಿಯ ಗಿಡಗಳದ್ದು ಬೇರೆ ಕತೆ. ಕೆಳಗಿನ ಗರಿಗಳಲ್ಲಿ ಕಿತ್ತಳೆ ಹಳದಿ ಚುಕ್ಕೆ, ತುದಿ ಮುರುಟಿದ್ದರೆ ಪೊಟ್ಯಾಶ್ ಸಾಲದು. ಚೆನ್ನಾಗಿ ಕಾಣಲ್ಲ ಅಂತ ಆ ಗರಿಗಳನ್ನು ಕತ್ತರಿಸಬೇಡಿ. ಗಿಡ ಅವುಗಳಿಂದಲೇ ಪೊಟ್ಯಾಶ್ ಹೀರಿ ಚಿಗುರಿಗೆ ಕೊಡುತ್ತಿರುತ್ತದೆ. ಕತ್ತರಿಸಿದರೆ ಮೇಲಿನ ಗರಿಗೂ ಹಬ್ಬುತ್ತದೆ.

ನೀರು ಮತ್ತೆ ಮತ್ತೆ ಹಸಿರಾಗುತ್ತಿದೆ

ಕ್ಲೋರಿನ್ ಹಾಕುತ್ತೀರಿ, ಎರಡು ದಿನಕ್ಕೆ ಟೆಸ್ಟ್ ಮಾಡಿದರೆ ಸೊನ್ನೆ. ಗೋಡೆಗೆ ಪಾಚಿ. ಪಿಎಚ್ 7.2ರಿಂದ 7.8ರ ಒಳಗಿದೆ, ಪಂಪ್ ಓಡುತ್ತಿದೆ, ಮರಳು ಫಿಲ್ಟರ್ ಸರಿಯಿದೆ. ಹಾಗಾದರೆ ತಪ್ಪು ಪಾತಿಯಲ್ಲಿರಬಹುದು.

ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ ಕೊಳದಲ್ಲಿ ಸರಾಸರಿ 1.4 ಮೀಟರ್ ನೀರಿದ್ದರೆ ಸುಮಾರು 45,000 ಲೀಟರ್. ಮಾಲಿ ಹುಲ್ಲಿಗೆ ಡಿಎಪಿ ಅನ್ನುವ ಹರಳು ಗೊಬ್ಬರ ಎರಚುತ್ತಾನೆ. ಮಳೆ ಬಂದು ಅದರಲ್ಲಿ ಬರೀ 100 ಗ್ರಾಂ ಕೊಳಕ್ಕೆ ತೊಳೆದು ಬಂತು ಅಂದುಕೊಳ್ಳಿ. ಅಷ್ಟಕ್ಕೇ ನೀರಿನಲ್ಲಿ ಫಾಸ್ಫೇಟ್ 1 ಪಿಪಿಎಂಗಿಂತ ಜಾಸ್ತಿ ಏರುತ್ತದೆ. ಪಾಚಿಗೆ ಅದು ಹಬ್ಬದೂಟ. ಡಿಎಪಿಯಲ್ಲಿ ಅಮೋನಿಯಾ ರೂಪದ ಸಾರಜನಕ ಶೇ. 18 ಇರುತ್ತದೆ. ಅದನ್ನು ಸುಡುವುದಕ್ಕೇ ಕೊಳದಲ್ಲಿರುವ ಕ್ಲೋರಿನ್‌ನಲ್ಲಿ 3ರಿಂದ 4 ಪಿಪಿಎಂ ಖರ್ಚಾಗುತ್ತದೆ. ನೀವು ಇಡುವುದೇ 1ರಿಂದ 3. ಒಂದೆರಡು ಹಿಡಿ ಗೊಬ್ಬರ ಇಡೀ ಕೊಳದ ಕ್ಲೋರಿನ್ ನುಂಗಿ, ಪಾಚಿಗೆ ಊಟವನ್ನೂ ಬಡಿಸಿತು. ಕೊಳದವರು ಇನ್ನೂ ಕ್ಲೋರಿನ್ ಸುರಿಯುತ್ತಾರೆ, ಮಾಲಿ ಮುಂದಿನ ತಿಂಗಳು ಮತ್ತೆ ಎರಚುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳುವುದೇ ಇಲ್ಲ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಒಂದು ಬಕೆಟ್ ನೀರಿಗೆ ಸ್ವಲ್ಪ ಅರಿಶಿನ ಕಲಸಿ ಪಾತಿಯ ಮಣ್ಣಿನ ಮೇಲೆ, ಹುಲ್ಲಿನ ಅಂಚಿನಲ್ಲಿ ಒಮ್ಮೆಲೇ ಸುರಿಯಿರಿ. ಹಳದಿ ನೀರು ಅಂಚುಗಲ್ಲಿನ ಕಡೆ ಬಂದರೆ ವಾಟ ತಪ್ಪಿದೆ. ಕಲ್ಲು ಕಲೆಯಾಗದಂತೆ ಕೂಡಲೇ ತೊಳೆದುಬಿಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ, ಜೋರು ಮಳೆಯಲ್ಲಿ ಛತ್ರಿ ಹಿಡಿದು ಹತ್ತು ನಿಮಿಷ ಅಲ್ಲೇ ನಿಲ್ಲುವುದು. ಕೆಂಪು ನೀರು ಎಲ್ಲಿಂದ ಒಳಗೆ ಇಳಿಯುತ್ತದೆ ಅಂತ ಕಣ್ಣಾರೆ ಕಾಣುತ್ತದೆ.

ಪಾತಿಯ ಮಣ್ಣು ಅಂಚುಗಲ್ಲಿಗಿಂತ ಎರಡು ಇಂಚು ಕೆಳಗಿರಬೇಕು. ಕಲ್ಲು ಹಾಸಿದ ಜಾಗಕ್ಕೆ ಕೊಳದಿಂದ ಹೊರಕ್ಕೆ ಮೀಟರಿಗೆ ಎರಡು ಸೆಂಟಿಮೀಟರ್ ವಾಟ ಇರಬೇಕು. ಮೇಸ್ತ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ನೀರು ಸುರಿಸಿ ತೋರಿಸು ಅನ್ನಿ. ಜಾಗ ಇಲ್ಲದಿದ್ದರೆ ನಡುವೆ ಒಂದು ಕಿರುಗಾಲುವೆ ತೆಗೆದು ಮೇಲೆ ಜಾಲರಿ ಹಾಕಿ. ಕರಾವಳಿಯಲ್ಲಿ ಇದು ಬಿಟ್ಟರೆ ಬೇರೆ ದಾರಿಯಿಲ್ಲ. ಜೂನ್ ತಿಂಗಳ ಮಳೆಗೆ ಮಣ್ಣು ತಡೆಯುವ ಗಿಡ ಅಂತ ನಂಬಿ ಕೂತರೆ ಕೊಳ ಕೆಂಪಾಗಿರುತ್ತದೆ. ಹುಲ್ಲಿಗೆ ಹರಳು ಗೊಬ್ಬರ ಎರಚುವುದನ್ನು ಕೊಳದಿಂದ ಆರಡಿ ದೂರದಲ್ಲೇ ನಿಲ್ಲಿಸಿ. ಹತ್ತಿರದ ಗಿಡಗಳಿಗೆ ಕಳಿತ ಗೊಬ್ಬರವನ್ನು ಮಣ್ಣಿನೊಳಗೆ ಸೇರಿಸಿ ಮುಚ್ಚಿ. ಹುಲ್ಲು ಕತ್ತರಿಸಿದ ಚೂರು ಕೊಳಕ್ಕೆ ಹಾರದಂತೆ ಯಂತ್ರದ ಬಾಯಿ ಹೊರಗೆ ತಿರುಗಿಸಿ.

ಸ್ಕಿಮ್ಮರ್ ಬುಟ್ಟಿ ದಿನಾ ತುಂಬುತ್ತಿದೆ

ಸ್ಕಿಮ್ಮರ್ ಅಂದರೆ ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ. ಅದರ ಬುಟ್ಟಿಯಲ್ಲಿದ್ದದ್ದನ್ನು ನೆಲಕ್ಕೆ ಹರಡಿ ನೋಡಿ. ಕಸ ದೊಡ್ಡದೋ ಚಿಕ್ಕದೋ ಅನ್ನುವುದು ಮುಖ್ಯ. ದೇವಕಣಗಿಲೆಯ ಎಲೆ ಒಂದು ಗೇಣು ಉದ್ದ. ಬಿದ್ದರೆ ಕೈಯಲ್ಲಿ ಎತ್ತಿ ಹಾಕಬಹುದು. ಗುಲ್‌ಮೊಹರ್, ಹುಣಸೆ ಇವುಗಳ ಕಿರು ಎಲೆ ಅಕ್ಕಿಕಾಳಿನ ಹಾಗೆ. ಬುಟ್ಟಿಯ ತೂತಿನಲ್ಲಿ ನುಸುಳಿ ಪಂಪಿನ ಜಾಲರಿಗೆ ಹೋಗಿ ಮೆತ್ತಿಕೊಳ್ಳುತ್ತದೆ. ಸರ್ವೆ ಮರದ ಸೂಜಿ ಎಲೆಯೂ ಅಷ್ಟೆ. ಕಾಗದದ ಹೂ ಹಗುರ, ಎಲ್ಲಿ ನೆಟ್ಟರೂ ಗಾಳಿಗೆ ಬಂದು ಕೊಳಕ್ಕೇ ಬೀಳುತ್ತದೆ. ಬಿದಿರು ವರ್ಷವಿಡೀ ಉದುರಿಸುತ್ತಲೇ ಇರುತ್ತದೆ. ಕೊಳದ ಪಕ್ಕ ಬಿದಿರಿನ ಮರೆ ಬೇಕು ಅಂತ ತುಂಬ ಜನ ಕೇಳುತ್ತಾರೆ, ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಬೇಡ ಅಂತಲೇ ಹೇಳುತ್ತೇನೆ.

ಗಿಡ ದೂಷಿಸುವ ಮೊದಲು ಗಾಳಿ ನೋಡಿ. ಬೆಂಗಳೂರು, ಮೈಸೂರು ಕಡೆ ಆಷಾಢದ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಚಳಿಗಾಲದಲ್ಲಿ ಪೂರ್ವದಿಂದ. ಕೊಳದ ಪಶ್ಚಿಮಕ್ಕೆ ಎಲೆ ಉದುರಿಸುವ ಮರ ಇದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬುಟ್ಟಿ ತುಂಬುತ್ತದೆ. ಹೊಂಗೆ ಇದ್ದರೆ ಬೇಸಿಗೆ ಶುರುವಿನಲ್ಲಿ ಎಲೆ, ಆಮೇಲೆ ಹೂ. ಈ ತಿಂಗಳ ಲೆಕ್ಕ ಬರೆದಿಟ್ಟರೆ ಮೂರು ವಾರದ ಕಸಕ್ಕಾಗಿ ಒಳ್ಳೆಯ ಮರ ಕಡಿಯುವ ತಪ್ಪು ತಪ್ಪುತ್ತದೆ. ಆ ಮೂರು ವಾರ ಕೊಳಕ್ಕೆ ಬಲೆ ಹಾಸಿದರೆ ಮುಗಿಯಿತು. ಸ್ಕಿಮ್ಮರ್ ಬಾಯಿ ಗಾಳಿ ತಳ್ಳುವ ಕಡೆಯೇ ಇರಬೇಕು. ಕಸ ಒಂದು ಮೂಲೆಯಲ್ಲಿ, ಸ್ಕಿಮ್ಮರ್ ಎದುರು ಮೂಲೆಯಲ್ಲಿ ಇದ್ದರೆ ನೀರು ಬಿಡುವ ಜೆಟ್‌ಗಳ ಮುಖ ತಿರುಗಿಸಿ ಕಸವನ್ನು ಅತ್ತ ತಳ್ಳಿಸಿ.

ತಳದಲ್ಲಿ ಕಂದು ಕಲೆ

ಪಂಪ್ ನಿಲ್ಲಿಸಿ, ವಿಟಮಿನ್ ಸಿ ಮಾತ್ರೆಯನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಲೆ ತಿಳಿಯಾದರೆ ಅದು ಕಬ್ಬಿಣದ್ದು. ಬೋರ್‌ವೆಲ್ ನೀರು, ಗಿಡಕ್ಕೆ ಕೊಟ್ಟ ಕಬ್ಬಿಣದ ದ್ರಾವಣ, ಅಂಚಿನಲ್ಲಿಟ್ಟ ಕಬ್ಬಿಣದ ಸ್ಟ್ಯಾಂಡ್, ಇವುಗಳನ್ನು ನೋಡಿ. ಬದಲಾಗದಿದ್ದರೆ ಸ್ವಲ್ಪ ಕ್ಲೋರಿನ್ ಹರಳನ್ನು ಹಳೆ ಕಾಲುಚೀಲದಲ್ಲಿ ಕಟ್ಟಿ ಅದರ ಮೇಲೆ ಇಡಿ. ಹೋದರೆ ಎಲೆಯ ಒಗರಿನ ಕಲೆ. ಮಾವು, ಹಲಸಿನ ಎಲೆ ರಾತ್ರಿಯಿಡೀ ತಳದಲ್ಲಿ ಕೂತರೆ ಹೀಗಾಗುತ್ತದೆ. ಈ ಎರಡನೇ ಪರೀಕ್ಷೆ ಟೈಲ್ಸ್ ಅಥವಾ ಸಿಮೆಂಟ್ ತಳಕ್ಕೆ ಮಾತ್ರ. ಪ್ಲಾಸ್ಟಿಕ್ ಹಾಳೆ ಹಾಸಿದ ಕೊಳದಲ್ಲಿ ಮಾಡಿದರೆ ಹಾಳೆ ಬಿಳಿಚುತ್ತದೆ.

ಅಂಚುಗಲ್ಲು ಎದ್ದಿದೆ, ನೀರು ಇಳಿಯುತ್ತಿದೆ

ಇಲ್ಲಿ ಗಾಬರಿ ಬೇಡ, ಅವಸರವೂ ಬೇಡ. ಮೊದಲು ನೀರು ನಿಜವಾಗಿ ಸೋರುತ್ತಿದೆಯಾ ನೋಡಿ. ಬಕೆಟ್‌ಗೆ ಕೊಳದ ನೀರು ತುಂಬಿ ಮೆಟ್ಟಿಲಿನ ಮೇಲೆ ಇಡಿ. ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡನ್ನೂ ಗುರುತು ಮಾಡಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲಿಗೆ ಆರಿದ್ದು. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ಆಸುಪಾಸು ಇಳಿಯುವುದು ಸಹಜ. ಕೊಳದ ಮಟ್ಟ ಬಕೆಟ್‌ಗಿಂತ ಜಾಸ್ತಿ ಇಳಿದಿದ್ದರೆ ಸೋರಿಕೆ. 8 ಮೀಟರ್, 4 ಮೀಟರ್ ಕೊಳದಲ್ಲಿ ಒಂದು ಸೆಂಟಿಮೀಟರ್ ಅಂದರೆ 320 ಲೀಟರ್ ನೀರು. ಅಷ್ಟು ನೀರು ಎಲ್ಲೋ ಒಂದು ಕಡೆ ಮಣ್ಣಿಗೆ ಹೋಗುತ್ತಿದೆ, ಬೇರುಗಳು ಅದನ್ನು ಹುಡುಕಿಕೊಂಡು ಬರುತ್ತವೆ.

ಇದು ಅರ್ಥವಾಗಬೇಕಾದ ಮಾತು. ಗಟ್ಟಿ ಕಾಂಕ್ರೀಟನ್ನು ಬೇರು ಕೊರೆಯುವುದಿಲ್ಲ. ಕೂದಲೆಳೆ ಬಿರುಕು, ಪೈಪಿನ ಸಡಿಲ ಜಾಯಿಂಟ್, ಅಂಚುಗಲ್ಲಿನ ಕೆಳಗಿನ ತೇವ, ಇವುಗಳ ಜಾಡು ಹಿಡಿದು ಎಳೆಬೇರು ಬರುತ್ತದೆ. ಒಳಗೆ ಸೇರಿದ ಮೇಲೆ ದಪ್ಪವಾಗಿ ಸೀಳುತ್ತದೆ. ಆದ್ದರಿಂದ ಮರ ಕಡಿದು ಸೋರಿಕೆ ಹಾಗೇ ಬಿಟ್ಟರೆ ಪಕ್ಕದ ಮನೆಯ ಮರದ ಬೇರಾದರೂ ಬರುತ್ತದೆ. ಸೋರಿಕೆ ಮುಚ್ಚಿ, ಆಮೇಲೆ ಬೇರಿನ ಮಾತು.

ಎದ್ದ ಕಲ್ಲನ್ನು ತೆಗೆದು ಕೆಳಗೆ ನೋಡಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕಿದರೆ ಅದು ಯಾವ ಮರದ್ದು ಅಂತ ಹಿಂದಕ್ಕೆ ಹುಡುಕುತ್ತಾ ಹೋಗಿ. ಆಲ, ಅರಳಿ, ಬಸರಿ, ಗೋಣಿ, ಅತ್ತಿ ಜಾತಿಯ ಯಾವುದೇ ಇದ್ದರೂ ಕೊಳದ ಹತ್ತಿರ ಇರಬಾರದು. ನರ್ಸರಿಯಲ್ಲಿ ಫೈಕಸ್ ಅಂತ ಚಂದದ ಬೇಲಿಗೆ ಕೊಡುವುದೂ ಇದೇ ಕುಲ. ಮೂರಡಿಗೆ ಕತ್ತರಿಸಿ ಇಟ್ಟರೂ ಬೇರು ಹರಡುವುದು ನಿಲ್ಲುವುದಿಲ್ಲ. ಬೇರೇನೂ ಸಿಗದೆ ಕಲ್ಲಿನ ಕೆಳಗೆ ಟೊಳ್ಳು ಮಾತ್ರ ಇದ್ದರೆ ತುಂಬಿದ ಮಣ್ಣು ಕುಸಿದಿದೆ, ಗಿಡ ನಿರಪರಾಧಿ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಬೇರು ನೋಡಬೇಕು ಅಂತ ಕೊಳ ಖಾಲಿ ಮಾಡಿಸಬೇಡಿ. ಸುತ್ತ ನೆಲದಲ್ಲಿ ನೀರು ತುಂಬಿರುವಾಗ ಖಾಲಿ ಕೊಳ ದೋಣಿಯ ಹಾಗೆ ಮೇಲಕ್ಕೆ ಏಳಬಹುದು, ತಳ ಬಿರಿಯಬಹುದು. ಬೇಸಿಗೆವರೆಗೂ ಕಾಯಿರಿ.

ಮೈ ತುರಿಕೆ, ಜೇನು, ಸೊಳ್ಳೆ

ಇದು ಗಿಡದ ದೋಷ ಅಂತ ಯಾರೂ ಹೇಳುವುದಿಲ್ಲ, ಆದರೆ ಹೆಚ್ಚಿನ ಸಲ ಗಿಡದ್ದೇ. ಈಜಿ ಬಂದ ಮಕ್ಕಳು ಒದ್ದೆ ಮೈಯಲ್ಲಿ ಗಿಡಕ್ಕೆ ಒರಗುತ್ತಾರೆ, ಹೂ ಕಿತ್ತು ಕಣ್ಣುಜ್ಜುತ್ತಾರೆ. ಕಳ್ಳಿ ಜಾತಿಯ ಹಾಲು ಕಣ್ಣಿಗೆ ಬಿದ್ದರೆ ತುಂಬ ಅಪಾಯ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಹಳದಿ ಕಣಗಿಲೆಯೂ ಹಾಗೇ. ಡಿಫೆನ್‌ಬೇಕಿಯಾ ಎಲೆ ಕಚ್ಚಿದರೆ ಬಾಯಿ ಊದಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವುಗಳನ್ನು ಕೊಳದ ಬೇಲಿಯ ಒಳಗೆ ಇಡಲೇಬೇಡಿ. ದೇವಕಣಗಿಲೆಯ ಹಾಲೂ ಕೆಲವರಿಗೆ ತುರಿಸುತ್ತದೆ, ಹಾಗಾಗಿ ಕೈಗೆ ಸಿಗುವ ಟೊಂಗೆ ಸವರಿ.

ಜೇನು ನೀರಿಗೂ ಬರುತ್ತದೆ, ಹೂವಿಗೂ ಬರುತ್ತದೆ. ಹೂಗಿಡ ತೆಗೆದರೆ ಪೂರ್ತಿ ನಿಲ್ಲುವುದಿಲ್ಲ. ಕೊಳದಿಂದ ದೂರದಲ್ಲಿ ಅಗಲವಾದ ಬೋಗುಣಿಗೆ ಕಲ್ಲು ಹಾಕಿ ನೀರಿಡಿ, ಬೇಸಿಗೆ ಶುರುವಾಗುವ ಮೊದಲೇ ಇಡಿ. ಒಮ್ಮೆ ಕೊಳದ ದಾರಿ ಹಿಡಿದ ಮೇಲೆ ಅವನ್ನು ತಿರುಗಿಸುವುದು ಕಷ್ಟ. ಹೆಜ್ಜೇನು ರಾತ್ರಿ ದೀಪಕ್ಕೂ ಬರುತ್ತದೆ. ಹತ್ತಿರದಲ್ಲಿ ಹೆಜ್ಜೇನಿನ ತಟ್ಟಿ ಇದ್ದರೆ ರಾತ್ರಿ ಕೊಳದ ದೀಪ ಆರಿಸಿಡಿ.

ಸೊಳ್ಳೆ ಕ್ಲೋರಿನ್ ಇರುವ ಕೊಳದಲ್ಲಿ ಹುಟ್ಟುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ, ಬ್ರೊಮೆಲಿಯಾಡ್ ಗಿಡದ ನಡುವಿನ ಬಟ್ಟಲಲ್ಲಿ ಹುಟ್ಟುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ.

ಗಿಡ ಬದಲಿಸಲೇಬೇಕಾದರೆ

ಮೇಲಿನದೆಲ್ಲ ನೋಡಿಯೂ ಗಿಡವೇ ತಪ್ಪು ಅಂತಾದರೆ ಬದಲಿಸಿ. ಎತ್ತರ ಬೇಕಾದ ಕಡೆ ತಾಳೆ ಜಾತಿ ಒಳ್ಳೆಯದು. ಅವುಗಳದ್ದು ನಾರುಬೇರು, ಮರದ ಬೇರಿನ ಹಾಗೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಅರೆಕಾ ಪಾಮ್ ಮರೆಗೆ ಸಾಕು, ಫಾಕ್ಸ್‌ಟೇಲ್ ಪಾಮ್ ಒಂಟಿಯಾಗಿ ಚೆನ್ನ. ಮೂರರಿಂದ ನಾಲ್ಕು ಅಡಿ ದೂರ ಕೊಡಿ. ರಾಯಲ್ ಪಾಮ್‌ನ ಗರಿ ಭಾರ, ತೆಂಗಿನಲ್ಲಿ ಕಾಯಿಯೂ ಬೀಳುತ್ತದೆ. ಜನ ಮಲಗುವ, ಕೂರುವ ಜಾಗದ ಮೇಲೆ ಎರಡೂ ಬೇಡ.

ಹೂ ಬೇಕಾದರೆ ನನ್ನ ಮೊದಲ ಆಯ್ಕೆ ದೇವಕಣಗಿಲೆ. ಬೇರು ಕಾಟ ಕೊಡುವುದಿಲ್ಲ, ಬಿಸಿಲು ತಡೆಯುತ್ತದೆ, ಕಸ ಕೈಗೆ ಸಿಗುವಷ್ಟು ದೊಡ್ಡದು. ಚಳಿಗಾಲದಲ್ಲಿ ಬೋಳಾಗುವುದು ಇಷ್ಟವಾಗದಿದ್ದರೆ ಅದೇ ಕುಲದ ಪ್ಲುಮೇರಿಯಾ ಪುಡಿಕಾ ಕೇಳಿ, ಅದು ಹೆಚ್ಚೂಕಡಿಮೆ ವರ್ಷವಿಡೀ ಬಿಳಿ ಹೂ ಬಿಡುತ್ತದೆ. ತಗ್ಗಿನ ಪಾತಿಗೆ, ತೇವ ನಿಲ್ಲುವ ಕಡೆ ಕಾಬಾಳೆ ಮತ್ತು ಸ್ಪೈಡರ್ ಲಿಲ್ಲಿ. ಒಣ ಬಿಸಿಲಿನ ಕಲ್ಲಿನ ಅಂಚಿಗೆ ಲೋಳೆಸರ, ಸ್ನೇಕ್ ಪ್ಲಾಂಟ್. ಉಪ್ಪು ನೀರು ಸಿಡಿಯುವ ಕಡೆಯೂ ಇವೆರಡು ತಡೆದುಕೊಳ್ಳುತ್ತವೆ. ಆಚೆ ಇಳಿಜಾರಿದ್ದರೆ ಲಾವಂಚ ಹಾಕಿ, ಅದರ ಬೇರು ನೇರ ಕೆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಎಲೆಯ ಅಂಚು ಚೂಪು, ಆದ್ದರಿಂದ ನಡೆದಾಡುವ ದಾರಿಯಿಂದ ದೂರ ಇರಲಿ. ಭೂತಾಳೆ, ಕೇದಗೆ ಎಷ್ಟೇ ಚಂದ ಇದ್ದರೂ ಬರಿಗಾಲಿನಲ್ಲಿ ಓಡುವ ಜಾಗಕ್ಕೆ ಬೇಡ.

ಬೆಂಗಳೂರಿನ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಸುಮಾರು ಪಾಲು ಆಂಧ್ರದ ಕಡಿಯಂನಿಂದ ಬರುತ್ತದೆ. ಗೋದಾವರಿ ಬಯಲಿನ ಅಂಟು ಜೇಡಿಮಣ್ಣಿನ ಉಂಡೆ ಬೇರಿಗೆ ಸುತ್ತಿರುತ್ತದೆ. ಅದನ್ನು ಹಾಗೇ ನಮ್ಮ ಕೆಂಪು ಮಣ್ಣಿಗೆ ಇಟ್ಟರೆ ಉಂಡೆ ಒಂದು ಕಡೆ, ಮಣ್ಣು ಒಂದು ಕಡೆ. ಸುತ್ತ ನೀರು ಹಾಕಿದರೂ ಉಂಡೆಯೊಳಗೆ ಬೇರು ಒಣಗಿರುತ್ತದೆ, ಇಲ್ಲವೇ ಉಂಡೆ ನೀರು ಹಿಡಿದಿಟ್ಟು ಕೊಳೆಯುತ್ತದೆ. ನೆಡುವ ಮುಂಚೆ ಉಂಡೆಯನ್ನು ಹತ್ತು ನಿಮಿಷ ಬಕೆಟ್ ನೀರಿನಲ್ಲಿ ಇಡಿ. ಹೊರಗಿನ ಒಂದು ಬೆರಳು ದಪ್ಪದ ಜೇಡಿಯನ್ನು ಕೈಯಿಂದ ಮೆಲ್ಲಗೆ ಬಿಡಿಸಿ, ಬೇರಿನ ತುದಿ ಕಾಣುವ ಹಾಗೆ ಮಾಡಿ. ಜೂನ್, ಜುಲೈನಲ್ಲಿ ನೆಟ್ಟರೆ ಮೊದಲ ಬೇಸಿಗೆಯ ಒಳಗೆ ಬೇರು ಹೊರಗಿನ ಮಣ್ಣಿಗೆ ಇಳಿದಿರುತ್ತದೆ. ಮೊದಲ ಆರು ವಾರ ನೀರನ್ನು ಉಂಡೆಯ ಮೇಲೆಯೇ, ಕಾಂಡದ ಬುಡದ ಹತ್ತಿರ, ನಿಧಾನವಾಗಿ ಹಾಕಿ.